ಕೈಯ ಹಿಂಬದಿ

ಮೂರು ಸಲ ಟಿಣ್ ಅಂದಿತಲ್ಲ, ಒಂದಾದರೆ ಯಾರೋ ನೀರು ಕೇಳಿದ್ದು, ಮೂರು ಅಂದರೆ ಕ್ಯಾಪ್ಟನ್, ಅದೂ ತುರ್ತು — ಒವನ್ನಿನಿಂದ ಆಗಷ್ಟೇ ಎಳೆದ ಊಟದ ಪೊಟ್ಟಣಗಳು ಇನ್ನೂ ಅವನ ಕೈಯಲ್ಲೇ ಇದ್ದವು, ಕೈಗವಸು ಎಲ್ಲಿ ಹಾಳಾಗಿ ಹೋಯಿತೋ, ಬರಿಗೈಯಲ್ಲೇ ಪೇರಿಸುತ್ತಿದ್ದ, ಇಷ್ಟು ವರ್ಷ ಆಕಾಶದಲ್ಲಿ ಬಡಿಸಿ ಬಡಿಸಿ ಜಡ್ಡುಗಟ್ಟಿದ ಕೈ, ಇದಕ್ಕೆಲ್ಲ ಜಗ್ಗುವುದಿಲ್ಲ — ಫೋನೆತ್ತಿದರೆ ಕ್ಯಾಪ್ಟನ್ನರ ದನಿ ತೀರಾ ಮೆತ್ತಗೆ, ಕಾಫಿ ಆರಿದರೆ ವಿಮಾನದ ಸೂರು ಹಾರಿಹೋಗುವಂತೆ ರೇಗುವ ಮನುಷ್ಯ, ನಿಜವಾಗಿ ಏನಾದರೂ ಆದಾಗ ಮಾತ್ರ ಹೀಗೆ ಮಾತಾಡುತ್ತಾರೆ — ಕೆಳಗೆ ಲಗೇಜಿನ ಜಾಗದಲ್ಲಿ ಬೆಂಕಿ ಅಂತ ದೀಪ ಹತ್ತಿದೆ, ಆರಿಸೋ ಗ್ಯಾಸ್ ಬಿಟ್ಟಾಯ್ತು, ದೀಪ ಹೋಗ್ತಾ ಇಲ್ಲ, ವಾಪಸ್ ತಿರುಗಿಸ್ತಿದ್ದೀನಿ, ಸುಳ್ಳು ದೀಪವೂ ಇರಬಹುದು, ನೀವು ಒಂದ್ಸಲ ನೆಲ ಮುಟ್ಟಿ ನೋಡಿ ಹೇಳಿ, ಬಿಸಿ ಇದ್ರೆ ಇಳಿದ ಜಾಗದಲ್ಲೇ ನಿಲ್ಲಿಸಿ, ಬಾಗಿಲ ಜಾರುಬಂಡೆ ಬಿಚ್ಚಿ ಎಲ್ಲರನ್ನೂ ಜಾರಿಸಿಬಿಡೋಣ, ಇಲ್ಲಾಂದ್ರೆ ಬೇಡ, ವಯಸ್ಸಾದೋರಿದ್ದಾರೆ, ಬಸುರಿ ಇದ್ದಾಳೆ, ಸುಮ್‌ಸುಮ್ನೆ ಕೈಕಾಲು ಮುರಿಸೋದು ಯಾಕೆ, ನಿಧಾನವಾಗಿ ಕಟ್ಟಡದ ಹತ್ರ ಹೋಗಿ ಮೆಟ್ಟಿಲು ಹಚ್ಚಿಸ್ತೀನಿ. ಆಯ್ತು ಸರ್, ಅಂದ. ಒವನ್ ಆರಿಸಿದ, ಪೊಟ್ಟಣಗಳನ್ನು ಒಳಗೆ ನೂಕಿದ, ನಡೆದ.

ಅಂಗೈ ಅಲ್ಲ, ಕೈಯ ಹಿಂಬದಿ, ತರಬೇತಿಯಲ್ಲಿ ಹೇಳಿಕೊಟ್ಟದ್ದು ಹಾಗೆ, ಅಲ್ಲಿ ಚರ್ಮ ತೆಳು, ಬೇಗ ತಿಳಿಯುತ್ತದೆ — ಸೀಟುಗಳ ನಡುವೆ ಬಗ್ಗಿ ಜಮಖಾನೆಗೆ ಕೈಯ ಹಿಂಬದಿ ಒತ್ತಿದ, ಏನೂ ಇಲ್ಲ, ಇನ್ನೂ ಹಿಂದೆ ಹೋಗಿ ಒತ್ತಿದ, ಅಲ್ಲೂ ಇಲ್ಲ, ಬೆಳಿಗ್ಗೆ ಮಗಳು ಗುಬ್ಬಿಯ ಹಣೆಗೂ ಹೀಗೇ ಇಟ್ಟಿದ್ದನಲ್ಲ, ಹಣೆಗೆ ಅಂಟಿದ್ದ ಒಂದೆಳೆ ಕೂದಲನ್ನು ಪಕ್ಕಕ್ಕೆ ಸರಿಸಿ — ಹೆಂಡತಿ ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದಾಳೆ, ಅಂಗಿ ಇಸ್ತ್ರಿ ಮಾಡುವವರು ಯಾರು, ತಾನೇ ನಿಂತು ಕಾಲರನ್ನು ತೀಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ, ಅಳಿಯಂದ್ರೇ, ಮಗು ರಾತ್ರಿಯೆಲ್ಲ ಹೊರಳಾಡಿದೆ, ಒಂಚೂರು ಮುಟ್ಟಿ ನೋಡಿ ಹೋಗಿ, ಹೊರಗೆ ಕಂಪನಿಯ ವ್ಯಾನು ಹಾರನ್ ಮಾಡುತ್ತಿದೆ, ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬಂದು ಮುಟ್ಟಿ, ತಣ್ಣಗಿದ್ದಾಳೆ ಅತ್ತೆ, ಏನಿಲ್ಲ — ನನ್ನ ಕೈಗೆ ಹಾಗನ್ನಿಸ್ತಿಲ್ಲಪ್ಪ, ಹೋಗ್ಲಿ ಬಿಡಿ, ನೀವು ಟ್ರೈನಿಂಗ್ ಆದೋರು — ಅವನು ಫೋನೆತ್ತಿ, ನೆಲ ಬಿಸಿ ಇಲ್ಲ ಸರ್, ಅಂದ. ಒಳ್ಳೇದು, ಹಾಗಾದ್ರೆ ಮೆಟ್ಟಿಲು, ಅಂದರು ಕ್ಯಾಪ್ಟನ್.

ವಿಮಾನ ಒಂದು ಪಕ್ಕಕ್ಕೆ ವಾಲಿ ತಿರುಗುತ್ತಿತ್ತು, ಕಿಟಕಿಗಳ ಬಿಸಿಲು ಎಡದವರ ಮುಖದಿಂದ ಬಲದವರ ಮುಖಕ್ಕೆ ಜರುಗಿತು, ಎಲ್ಲರೂ ಅವನ ಮುಖವನ್ನೇ ಓದುತ್ತಿದ್ದಾರೆ, ಅವನು ನಗುತ್ತಾ ಬೆಲ್ಟ್ ನೋಡುತ್ತಾ ಬಂದ, ಕೆನ್ನೆ ನೋಯುವಷ್ಟು ನಗು — ಹಿಂದಿನ ಸಾಲಿನ ಅಜ್ಜಿ, ಕೈಚೀಲವನ್ನು ಎದೆಗವಚಿಕೊಂಡು ಕೂತಾಕೆ, ತಟ್ಟನೆ ಅವನ ಕೈ ಹಿಡಿದುಕೊಂಡರು, ಏನೂ ಆಗಲ್ಲ ತಾನೇ ಮಗಾ, ಅಂದವರೇ ಕೈ ಬಿಟ್ಟರು, ಅಯ್ಯೋ, ನಿನ್ನ ಕೈ ಸುಡ್ತಿದೆಯಲ್ಲೋ! — ಸುಡುತ್ತಿದೆ, ಕೈ ಸುಡುತ್ತಿದೆ, ಇದೇ ಮಾತನ್ನು ಬೇರೆ ಯಾರೋ ಅಂದಿದ್ದರು, ಇವತ್ತೇ, ಸಣ್ಣ ದನಿಯಲ್ಲಿ, ಕಣ್ಣು ಬಿಡದೆ — ಅಪ್ಪಾ, ನಿನ್ ಕೈ ಬಿಸಿ, ನಿಂಗೆ ಜ್ವರ ಬಂದಿದೆ — ಹೌದು ಪುಟ್ಟಿ, ಅಪ್ಪಂಗೇ ಜ್ವರ, ಎಂದು ನಕ್ಕು ಓಡಿದ್ದನಲ್ಲ ಪುಣ್ಯಾತ್ಮ. ಇಸ್ತ್ರಿಪೆಟ್ಟಿಗೆಯ ಕೈ. ಒವನ್ನಿನ ಕೈ. ಕಾದ ಕೈಗೆ ಯಾವುದು ತಾನೇ ಬಿಸಿ ಅನ್ನಿಸೀತು. ಅವನು ಅಲ್ಲೇ ಮಂಡಿಯೂರಿದ, ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ ಕೆನ್ನೆಯನ್ನು ಜಮಖಾನೆಗೆ ಒತ್ತಿದ, ಏನ್ ಬಿತ್ತಪ್ಪಾ, ಗುಂಡಿ ಅಜ್ಜೀ, ಅಂಗಿ ಗುಂಡಿ — ನೆಲ ಬೆಚ್ಚಗಿತ್ತು, ಇನ್ನೊಂದು ಮೊಳ ಹಿಂದಕ್ಕೆ ತೆವಳಿದರೆ ಬಿಸಿ, ಕೆನ್ನೆ ಇಟ್ಟಿರಲಾಗದ ಬಿಸಿ, ಈ ನೆಲದ ಕೆಳಗೆ ಬೆಂಕಿ ಇದೆ ದೇವರೇ, ನಾನು ಇಲ್ಲ ಅಂದುಬಿಟ್ಟೆ — ಎದ್ದು ಓಡಿ ಫೋನೆತ್ತಿದ, ಸರ್, ನಾನು ಹೇಳಿದ್ದು ತಪ್ಪು, ಬಿಸಿ ಇದೆ. ಖಂಡಿತಾನಾ? ಕೆನ್ನೆ ಇಟ್ಟು ನೋಡಿದೆ ಸರ್. ಜಾರಿಸೋಣ, ಅಂದರು ಕ್ಯಾಪ್ಟನ್.

ವಿಮಾನ ಇಳಿದು ನಿಂತ ಮೇಲಿನದೆಲ್ಲ ಗಂಟಲು, ತನ್ನದೇ ಗಂಟಲು, ಬನ್ನಿ ಬನ್ನಿ ಹಾರಿ ಕೂತ್ಕೊಳ್ಳಿ, ಏನೂ ತರಬೇಡಿ, ಬಸುರಿಯ ರಟ್ಟೆ ಹಿಡಿದು ಕೂರಿಸಿದ್ದು, ಹಿಂದಿನ ಸೀಟುಗಳ ಬುಡದಿಂದ ಹೊಗೆ ಎದ್ದದ್ದು, ಕೊನೆಗೆ ತಾನೂ ಜಾರಿದ್ದು, ಮೊಣಕೈ ತರಚಿದ್ದು — ಈಗ ಹುಲ್ಲಿನ ಮೇಲೆ ಎಲ್ಲರೂ ಇದ್ದಾರೆ, ಎಲ್ಲರೂ, ಯಾರೋ ಅಳುತ್ತಾ ಅವನ ಭುಜ ತಟ್ಟುತ್ತಾರೆ, ಕಾಪಾಡಿದ್ರಿ ಅನ್ನುತ್ತಾರೆ, ವಿಮಾನದ ಹೊಟ್ಟೆ ಕಪ್ಪಾಗಿದೆ, ನೊರೆ ಸುರಿಯುತ್ತಿದ್ದಾರೆ, ಅವನಿಗೆ ಬೇಕಾದದ್ದು ಒಂದು ಫೋನು, ತನ್ನದು ಒಳಗೇ ಉಳಿದಿದೆ — ಅಷ್ಟು ಬಡಕೊಂಡರೂ ಕೈಚೀಲ ಬಿಡದೆ ಜಾರಿಬಂದ ಅಜ್ಜಿ ಅದರಿಂದಲೇ ಫೋನು ತೆಗೆದು ಕೊಟ್ಟರು, ಬೈಬೇಡಪ್ಪಾ ಅಂದರು — ರಿಂಗ್ ಆಗುತ್ತಿದೆ, ಎತ್ತಿ ಅತ್ತೆ, ಎತ್ತಿ — ಯಾರು, ಓ ನೀವಾ, ಆಸ್ಪತ್ರೆಲಿದ್ದೀವಿ, ನೀವು ಹೋದ್ಮೇಲೆ ಮೈ ಕೆಂಡ ಆಗ್ಬಿಡ್ತು, ಒಂದ್ಸಲ ಕಣ್ಣು ಮೇಲಕ್ಕೆ ಹೋಯ್ತು, ಡಾಕ್ಟ್ರು ಒಳಗಿದ್ದಾರೆ, ಇನ್ನೂ ಎಚ್ಚರ ಇಲ್ಲ, ಪ್ರಜ್ಞೆ ತಪ್ಪೋ ತನಕ ಒಂದೇ ಮಾತು ಕಣ್ರೀ, ಅಜ್ಜೀ, ಅಪ್ಪಂಗೆ ಜ್ವರ, ಯಾಕೆ ಕೆಲಸಕ್ಕೆ ಕಳಿಸಿದೆ ಅಂತ — ಕೇಳಿಸ್ತಿದೆಯಾ ಅಳಿಯಂದ್ರೇ — ಕೇಳಿಸುತ್ತಿದೆ, ಹಣೆಗೆ ಅಂಟಿದ್ದ ಆ ಒಂದೆಳೆ ಕೂದಲು, ತಾನೇ ಸರಿಸಿದ್ದು, ಬೆವರಿಗೆ ಒದ್ದೆಯಾಗಿತ್ತು, ಬೆರಳಿಗೆ ಗೊತ್ತಾಗಿತ್ತು, ಒದ್ದೆಯಾಗಿತ್ತು, ಆ ಒಂದೆಳೆ ಕೂದಲು —