ಪೇಪರಿನವರು ಮೆಚ್ಚದ ಅಳು

"ಯಾರರ ದನಿ ತಗದು ಅಳ್ರವಾ, ನಮ್ಮಕ್ಕ ಹಿಂಗ ಮೂಕಾಗಿ ಹೋಗಬಾರದು!" ಚಟ್ಟಕ್ಕೆ ಹೂವಿನ ಸರ ಬಿಗಿಯುತ್ತಲೇ ಸಿದ್ದವ್ವ ಗದರಿದಳು.

ಸುತ್ತ ಕುಳಿತ ಹೆಂಗಸರು ಸತ್ತವಳ ಮಗಳು ದುರಗವ್ವನ ಮುಖ ನೋಡಿದರು. ಸತ್ತವರ ಬದುಕನ್ನೆಲ್ಲ ಹಾಡಿ ಹೇಳಿ ಅಳುವುದು ರಟ್ಟೀಹಳ್ಳಿ ಪಕ್ಕದ ಆ ಊರಿನ ರೀತಿ. ಮೊದಲ ದನಿ ಮಗಳದೇ ಆಗಬೇಕು. ದುರಗವ್ವ ಮಾತ್ರ ತುಟಿ ಬಿಗಿದು ಕುಳಿತಿದ್ದಳು.

ಸತ್ತವಳು ಹೊಳೆವ್ವ. ಒಂದು ಕಾಲಕ್ಕೆ ಊರಲ್ಲಿ ಯಾರೇ ಸತ್ತರೂ ಅಳುವುದರಲ್ಲಿ ಅವಳೇ ಮುಂದು. ಜಿಪುಣ ಸಾಹುಕಾರ ಸತ್ತಾಗ ಅವಳ ಹಾಡು ಕೇಳಿ, ಇಷ್ಟು ಒಳ್ಳೆಯ ಮನುಷ್ಯನ ಜೊತೆ ಬಾಳಿದೆನೇ ಎಂದು ಸಾಹುಕಾರನ ಹೆಂಡತಿಯೇ ಬೆರಗಾಗಿದ್ದಳಂತೆ. ಅಂಥವಳು ಒಂದು ದಿನ ನಿಲ್ಲಿಸಿಬಿಟ್ಟಳು. ಕಟ್ಟಿಕೊಂಡ ಗಂಡ ಸತ್ತಾಗಲೂ ದನಿ ತೆಗೆಯಲಿಲ್ಲ. ಯಾಕೆಂದು ಊರಿಗೆ ಇವತ್ತಿಗೂ ಬಗೆಹರಿದಿರಲಿಲ್ಲ.

"ಯಾಕ ದುರಗಿ, ನಿನಗೂ ನಿಮ್ಮವ್ವನ ರೋಗ ಬಡೀತೇನು?" ಸಿದ್ದವ್ವ ಕೇಳಿದಳು.

"ಆಣಿ ಮಾಡಿಸ್ಕೊಂಡಾಳ, ಚಿಗವ್ವ. ‘ನನ್ನ ಹೆಣದ ಮುಂದ ಹಾಡ್ಯಾಡಿ ಅಳಬ್ಯಾಡ, ನಾಟಕ ಅಂತಾರ’ ಅಂದ್ಲು."

"ಅಂದಾವ್ರು ಯಾರು?"

ದುರಗವ್ವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬರಿಗೇ: ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ ಪರಮೇಶ್ವರಪ್ಪ ಮಾಸ್ತರರಿಗೆ.

*

೧೯೭೪ರಲ್ಲಿ ಬೆಂಗಳೂರಿನವರು ಒಂದು ಕಾದಂಬರಿಯನ್ನು ಸಿನಿಮಾ ಮಾಡಲು ಊರಿಗೆ ಬಂದರು. ಹೆಣದ ಮುಂದೆ ಅಳುವ ಹೆಂಗಸು ಬೇಕೆಂದಾಗ ಊರೆಲ್ಲ ಹೊಳೆವ್ವನ ಮನೆ ತೋರಿಸಿತು. ಅವಳು ಕ್ಯಾಮೆರಾದ ಕಡೆ ತಿರುಗಿಯೂ ನೋಡದೆ, ಹೆಣವಾಗಿ ಮಲಗಿದ್ದ ನಟನನ್ನು ಕೇಳಿದಳು:

"ನೀ ಯಾರ ಮಗಾಪಾ? ಎಷ್ಟು ಮಕ್ಳು ನಿನಗ? ಏನೂ ಗೊತ್ತಿಲ್ಲದ ಹೆಂಗ ಅಳ್ಲಿ?"

ಮಾಸ್ತರರು ಕಾದಂಬರಿಯ ಪುಟಗಳನ್ನು ಅವಳಿಗೆ ಓದಿ ಹೇಳಿದರು. ಆಮೇಲೆ ಅವಳು ಎಂಥ ಅಳು ಅತ್ತಳೆಂದರೆ, ಹೆಣದ ಕಣ್ಣಲ್ಲಿ ನೀರು ಬಂದು ಎಲ್ಲವನ್ನೂ ಇನ್ನೊಮ್ಮೆ ತೆಗೆಯಬೇಕಾಯಿತು.

ಮರುವರ್ಷ ಸಿನಿಮಾ ಹಿರೇಕೆರೂರಿನ ಟಾಕೀಸಿಗೆ ಬಂದು ಮೂರೇ ದಿನ ಓಡಿತು.

"ಪೇಪರ್‌ನ್ಯಾಗ ನನ್ನ ಅಳೂ ಬಂದೈತಂತಲ್ರೀ ಮಾಸ್ತರ್ರ, ಓದ್ರಿ," ಎಂದು ಹೊಳೆವ್ವ ಶಾಲೆಗೇ ಬಂದಳು. ಮಾಸ್ತರರು ಹಿಂದೆ ಮುಂದೆ ನೋಡದೆ ಗಟ್ಟಿಯಾಗಿ ಓದಿದರು: "ಕಾದಂಬರಿಯ ಸಂಯಮವನ್ನು ಚಿತ್ರ ಬಹುಮಟ್ಟಿಗೆ ಉಳಿಸಿಕೊಂಡಿದೆ. ಆದರೆ ಶವದ ಮುಂದಿನ ಹೆಂಗಸಿನ ರೋದನ ಶುದ್ಧ ನಾಟಕ. ನಿಜವಾದ ದುಃಖ ಹೀಗೆ ಹಾಡುವುದಿಲ್ಲ."

"ಹೌದೇನ್ರಿ? ನಾ ಇಷ್ಟು ದಿನ ಅತ್ತಿದ್ದು ಸುಳ್ಳೇನ್ರಿ?"

ಆ ಹೊತ್ತಿಗೆ ಮಾಸ್ತರರ ನೆತ್ತಿಗೆ ವಿದ್ಯೆ ಏರಿತ್ತು. "ಬಲ್ಲವರು ಬರದಾರವಾ. ವಿಚಾರ ಮಾಡೇ ಬರದಿರ್ತಾರ," ಎಂದುಬಿಟ್ಟರು.

ಹೊಳೆವ್ವ ಆ ಪುಟವನ್ನು ಒಮ್ಮೆ ಮುಟ್ಟಿ ನೋಡಿ ಹೊರಟುಹೋದಳು.

*

ಚಟ್ಟ ಹೆಗಲೇರಿತು. ಮಾಸ್ತರರು ಗಡಬಡಿಸಿ ಎದ್ದು ಹೆಂಗಸರ ನಡುವೆ ನುಗ್ಗಿದರು.

"ದುರಗವ್ವ, ತಪ್ಪು ನಂದೈತಿ." ಒಂಬತ್ತು ವರ್ಷದ ಹಿಂದೆ ಓದಿದ್ದನ್ನೂ ಅಂದದ್ದನ್ನೂ ಎಲ್ಲರೆದುರು ಹೇಳಿಕೊಂಡರು. "ಆ ಬರದಾವ ನಮ್ಮೂರಾಗ ಒಂದು ಹೆಣದ ಮುಂದೂ ಕುಂತಾವಲ್ಲ. ನಾ ಕುಂತಾವ. ನಮ್ಮವ್ವ ಸತ್ತಾಗ ಕಲ್ಲಾಗಿ ಕುಂತಿದ್ದೆ. ನಿಮ್ಮವ್ವ ಹಾಡ್ಯಾಡಿ ಅತ್ತ ಮ್ಯಾಲೇ ನನಗ ಕಣ್ಣೀರು ಬಂದ್ವು. ಅವತ್ತು ಅದನ್ನ ಹೇಳಬೇಕಿತ್ತು, ಹೇಳಲಿಲ್ಲ."

ಮಾಸ್ತರರು ಚಟ್ಟದ ಕಡೆ ತಿರುಗಿ ಕೈ ಮುಗಿದರು.

ದುರಗವ್ವ ಸಿಟ್ಟಿನಿಂದ ನೋಡಿದಳು. ಹೊಡೆದೇ ಬಿಡುತ್ತಾಳೆಂದು ಸಿದ್ದವ್ವ ಅವಳ ಕೈ ಹಿಡಿದಳು. ಅವಳು ಕೊಸರಿಕೊಂಡು ಹೋಗಿ ಚಟ್ಟದ ಬಿದಿರು ಹಿಡಿದು ದನಿ ತೆಗೆದಳು:

"ಹಡದವ್ವಾ... ಊರ ಹೆಣಕ್ಕೆಲ್ಲಾ ಅತ್ತಾಕೀ... ಅಪ್ಪ ಹ್ವಾದಾಗ ಬಾಯಾಗ ಸೆರಗು ತುರಕ್ಕೊಂಡೆಲ್ಲವ್ವಾ... ಕಾಣದವ್ರ ಮಾತಿಗೆ ಮೂಕಿ ಆದೆಲ್ಲವ್ವಾ..."

ದನಿ ಒಡೆದಿತ್ತು, ರಾಗ ತಪ್ಪಿತ್ತು. ಸಿದ್ದವ್ವ ದನಿಗೂಡಿಸಿದಳು, ಪಕ್ಕದ ಮನೆಯ ನಾಗವ್ವ ದನಿಗೂಡಿಸಿದಳು. ಹಲಗೆಯವನು ಬಾರಿಸುವುದನ್ನು ನಿಲ್ಲಿಸಿದ.

"ಎತ್ತಿದ ಚಟ್ಟ ಇಳಸಬಾರದ್ರೋ!" ಎಂದು ಹಿರಿಯ ಬಸವಣ್ಣೆಪ್ಪ ಕೂಗಿದ.

ಹೊತ್ತ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಚಟ್ಟವನ್ನು ಮೆಲ್ಲಗೆ ನೆಲಕ್ಕಿಳಿಸಿ, ಅದರ ಸುತ್ತ ಕುಕ್ಕರಗಾಲಲ್ಲಿ ಕುಳಿತರು.