ಕಲ್ನಾರಿನ ಸೂರಿನ ಕೆಳಗೆ

ಎವರ್ಟ್ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಸರಿಯಾಗಿ ಮೊದಲ ಶೀಟು ಹಳೇ ಮನೆಯ ಸೂರಿನಿಂದ ಬಿದ್ದು ಚೂರುಚೂರಾಯಿತು. ಬಿದ್ದ ಜಾಗದಿಂದ ಬೂದು ಧೂಳೆದ್ದು, ಬೆಳಗಿನ ಬಿಸಿಲಲ್ಲಿ ಮಿಣಮಿಣ ಹೊಳೆಯುತ್ತ, ಕಾಫಿ ತಟ್ಟೆ ಹಿಡಿದು ನಿಂತಿದ್ದ ಫೆನ್ನಾಳ ಕಡೆಗೇ ಹೊರಟಿತು. ಫೆನ್ನಾ ಅವನ ಒಬ್ಬಳೇ ಮಗಳು, ತುಂಬು ಬಸುರಿ. ನೊಣ ಓಡಿಸುವ ಹಾಗೆ ಮುಖದ ಮುಂದೆ ಕೈಯಾಡಿಸಿ, ಒಂದೆರಡು ಸಲ ಕೆಮ್ಮಿ, ಅಪ್ಪನನ್ನು ನೋಡಿ ನಕ್ಕಳು. ಎವರ್ಟ್ ನಿಂತಲ್ಲಿಂದಲೇ ಕೂಗಿದ.

“ಫೆನ್ನಾ! ಮೊದಲು ದೊಡ್ಡ ಮನೆ ಒಳಗೆ ಹೋಗು! ಹೋಗು ಅಂದೆ!”

“ಏನಪ್ಪಾ ನೀನು, ಬಂದವನೇ ಕೂಗಾಡ್ತೀಯಲ್ಲ. ಒಂದು ಲೋಟ ಕಾಫಿ ಕುಡಿ.”

ಸೂರಿನ ಮೇಲಿಂದ ಡೀಕ್ಸ್ ಗಹಗಹಿಸಿದ. ಫೆನ್ನಾಳ ಮಾವ ಅವನು, ಎವರ್ಟನ ಬೀಗ. ಅದಕ್ಕೂ ಮೊದಲು, ಹುಟ್ಟಿದಾಗಿನಿಂದ ಪಕ್ಕದ ಮನೆಯವ. ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆ ಹಿಡಿದು, ಶರ್ಟು ಬಿಚ್ಚಿ, ಕೋಣನ ಹಾಗೆ ನಿಂತಿದ್ದ.

“ಬಂದ್ರಪ್ಪಾ ನಮ್ಮ ಬೀಗರು! ನೋಡ್ರೋ ಇವನ ವೇಷಾನ! ಸೂರು ಕೀಳೋಕೆ ಬಂದವನೋ, ಚಂದ್ರಲೋಕಕ್ಕೆ ಹೊರಟವನೋ?”

ಅಟ್ಟದ ತೊಲೆಗಳ ಮೇಲೆ ಕೂತಿದ್ದ ನೆರೆಯ ಗಂಡಸರೆಲ್ಲ ನಕ್ಕರು. ನಗುವಂತೆಯೇ ಇದ್ದ ಎವರ್ಟ್. ತಲೆಯಿಂದ ಕಾಲಿನವರೆಗೆ ಬಿಳಿ ಕಾಗದದ ಅಂಗಿ, ಕುತ್ತಿಗೆಯಲ್ಲಿ ನೇತಾಡುವ ಮುಖವಾಡ, ಹೆಗಲ ಮೇಲೆ ಸುತ್ತಿದ ನೀರಿನ ಪೈಪು, ಕಂಕುಳಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಸುರುಳಿ. ನಗಲಿ ಬಿಡಿ ಎಂದುಕೊಂಡು ಅವನು ನೇರ ಅಂಗಳದ ನಲ್ಲಿಗೆ ಹೋಗಿ ಪೈಪು ಸಿಕ್ಕಿಸಿದ.

ಟ್ವೆಂಟೆ ಸೀಮೆಯ ಆ ಮೂಲೆಯಲ್ಲಿ ಪಕ್ಕದ ಮನೆ ಎಂದರೆ ಬೇಲಿ ಹಂಚಿಕೊಂಡವರು ಅಂತಷ್ಟೇ ಅಲ್ಲ. ಹೆರಿಗೆ ನೋವು ಬಂದರೆ ಸೂಲಗಿತ್ತಿಯನ್ನು ಕರೆಯುವುದು, ಮಗು ಹುಟ್ಟಿದರೆ ಆಳುದ್ದದ ದ್ರಾಕ್ಷಿ ರೊಟ್ಟಿಯನ್ನು ಏಣಿಯ ಮೇಲಿಟ್ಟು ಹೊತ್ತು ತರುವುದು, ಸತ್ತರೆ ಹೆಣ ತೊಳೆದು ಹೆಗಲು ಕೊಡುವುದು, ಎಲ್ಲಕ್ಕೂ ಹತ್ತಿರದ ಮನೆಯವನೇ ಮೊದಲು. ಸೂರು ಕೀಳುವುದೂ ಸೂರು ಹಾಕುವುದೂ ಹಾಗೆಯೇ. ನೆರೆಯವರು ಗಟ್ಟಿಮುಟ್ಟಾಗಿರುವಾಗ ಹೊರಗಿನ ಕೆಲಸದವರನ್ನು ಕರೆದರೆ ಅವರ ಮುಖಕ್ಕೆ ಉಗಿದ ಹಾಗೆ. ಡೀಕ್ಸನ ಅಜ್ಜನ ಹಳೇ ಮನೆಯನ್ನು ಮಗ ಸೊಸೆಗೆಂದು ಸರಿಮಾಡಿಸಲು ಹೊರಟಾಗ ಎವರ್ಟ್ ಬಾಯಿ ಬಡಿದುಕೊಂಡು ಹೇಳಿದ್ದ, ಇದು ಕಲ್ನಾರಿನ ಶೀಟು, ಆಸ್ಬೆಸ್ಟಾಸ್, ಪರವಾನಗಿ ಇರುವವರು ಬಂದು ತೆಗೆಯಲಿ ಎಂದು. “ಯಾಕೆ, ನನ್ನ ನೆರೆಯವರಿಗೆ ಕೈ ಬಿದ್ದುಹೋಗಿದ್ಯಾ?” ಎಂದಿದ್ದ ಡೀಕ್ಸ್. ಅಲ್ಲಿಗೆ ಮಾತು ಮುಗಿದಿತ್ತು.

ಎವರ್ಟ್ ಬಿದ್ದ ಚೂರುಗಳ ಮೇಲೆ ನೀರು ಬಿಟ್ಟು, ಕೈಗವಸಿನಲ್ಲಿ ಒಂದನ್ನು ಎತ್ತಿ ತೋರಿಸಿದ.

“ಇಲ್ನೋಡು ಡೀಕ್ಸ್. ಬೆನ್ನ ಮೇಲೆ ಜೇನುಗೂಡಿನ ಅಚ್ಚು. ಹೊಸ ಶೀಟಾದ್ರೆ ಕಲ್ನಾರಿಲ್ಲ ಅಂತ ಅಂಚಲ್ಲಿ ಅಕ್ಷರ ಒತ್ತಿರ್ತಾರೆ, ಇದ್ರಲ್ಲಿ ಇಲ್ಲ. ಮುರಿದ ಕಡೆ ನೋಡು, ಎಳೆ ಎಳೆ ಕಾಣ್ತಿದೆ. ಒಡೀಬೇಡ ಕಣೋ. ಸೋಪಿನ ನೀರಲ್ಲಿ ನೆನೆಸೋಣ, ಸ್ಕ್ರೂ ಬಿಚ್ಚಿ ಇಡೀ ಶೀಟನ್ನೇ ಕೈಯಿಂದ ಕೈಗೆ ಇಳಿಸೋಣ. ಸಂಜೆ ಒಳಗೆ ಮುಗಿಯತ್ತೆ.”

“ಸ್ಕ್ರೂಗಳೆಲ್ಲ ತುಕ್ಕು ಹಿಡಿದು ನಿನ್ನ ಹಾಗೇ ಆಗಿವೆ. ಬಿಚ್ಚಿದ್ರೆ ಬರಲ್ಲ, ಬಡಿದ್ರೇ ಬರೋದು.” ಡೀಕ್ಸ್ ಸುತ್ತಿಗೆ ಬೀಸಿದ. ಇನ್ನೊಂದು ಶೀಟು ಸೀಳಿತು. “ನಿಮ್ಮಪ್ಪ ಜೀವಮಾನ ಪೂರ್ತಿ ಆ ಫ್ಯಾಕ್ಟರೀಲಿ ಈ ಶೀಟುಗಳನ್ನೇ ಮಾಡ್ದ. ಕಲ್ಲುಗುಂಡಿನ ಹಾಗೆ ಬದುಕಿ, ಗಾದಿ ಮೇಲೆ ಕಣ್ಮುಚ್ಚಿದ. ಏನಾಯ್ತು ಅವನಿಗೆ?”

“ನಮ್ಮಮ್ಮಂಗೇನಾಯ್ತು? ಅದನ್ನ ಹೇಳು!”

ಎಲ್ಲರಿಗೂ ಗೊತ್ತಿದ್ದದ್ದೇ. ಎವರ್ಟನ ಅಪ್ಪ ಸಂಜೆ ಫ್ಯಾಕ್ಟರಿಯಿಂದ ಬಂದರೆ ಹಿಂಬಾಗಿಲಲ್ಲೇ ಅಮ್ಮ ಓಡಿಹೋಗಿ ತಬ್ಬಿಕೊಳ್ಳುತ್ತಿದ್ದಳು. ಆಮೇಲೆ ಅವನ ಕೆಲಸದ ಬಟ್ಟೆಯನ್ನು ಬೇಲಿಗೆ ಹಾಕಿ ಬೆತ್ತದಲ್ಲಿ ಬಡಿಯುತ್ತಿದ್ದಳು. ಬಟ್ಟೆಯಿಂದೇಳುವ ಧೂಳು ಇಳಿಬಿಸಿಲಿಗೆ ಹೊಳೆಯುತ್ತಿದ್ದರೆ ಹುಡುಗ ಎವರ್ಟನಿಗೆ ಅದಕ್ಕಿಂತ ಚಂದದ್ದು ಜಗತ್ತಿನಲ್ಲೇ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದೇ ಧೂಳಿನಿಂದ ಅಮ್ಮ ಒಂದು ಚಳಿಗಾಲ ಪೂರ್ತಿ ಉಸಿರಿಗಾಗಿ ಒದ್ದಾಡಿ, ನೀರಿಲ್ಲದ ಕಡೆ ಮುಳುಗಿದವಳಂತೆ ಸತ್ತಳು. ಹೆಣ ತೊಳೆದವಳು ಡೀಕ್ಸನ ಅಮ್ಮ. ಶವಪೆಟ್ಟಿಗೆಗೆ ಮುಂದಿನ ಹೆಗಲು ಕೊಟ್ಟವನು ಡೀಕ್ಸ್.

“ಅಯ್ಯೋ, ಅವಳದ್ದು ಹಣೆಬರಹ ಕಣೋ,” ಎಂದ ಡೀಕ್ಸ್. ದನಿ ಸ್ವಲ್ಪ ಇಳಿದಿತ್ತು. ನೆರೆಯವರು ನೋಡುತ್ತಿದ್ದುದರಿಂದ ಮತ್ತೆ ಏರಿಸಿದ. “ಒಂದು ದಿನದ ಧೂಳಿಗೆ ಯಾವನೂ ಸಾಯಲ್ಲ. ನಿಂಗೆ ಭಯ ಇದ್ರೆ ಹೋಗು, ಹೆಂಗಸರ ಜೊತೆ ಆಲೂಗಡ್ಡೆ ಸುಲಿ!”

ಸುತ್ತಿಗೆ ಮತ್ತೆ ಬಿತ್ತು. ಧೂಳು ಮತ್ತೆ ಅಂಗಳಕ್ಕಿಳಿಯಿತು. ಫೆನ್ನಾ ಇನ್ನೂ ಅಲ್ಲೇ ನಿಂತಿದ್ದಳು, ಗಾಬರಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಅದನ್ನು ನೋಡಿ ಎವರ್ಟನ ತಲೆ ಕೆಟ್ಟಿತು. ನಲ್ಲಿಯನ್ನು ಪೂರ್ತಿ ತಿರುಗಿಸಿ ನೀರಿನ ಧಾರೆಯನ್ನು ನೇರ ಬೀಗನ ಮುಖಕ್ಕೇ ಹೊಡೆದ. ಡೀಕ್ಸ್ ಕಣ್ಣುಮುಚ್ಚಿ, ಕಾಲು ಜಾರಿ, ಕಂಬಿ ಹಿಡಿದು ಹೇಗೋ ನಿಂತ. ಮರುಗಳಿಗೆಗೆ ಏಣಿಯಿಂದ ಧಡಧಡನೆ ಇಳಿದು ಬಂದ.

“ನನ್ನ ಅಂಗಳದಲ್ಲಿ? ನನ್ನ ಜನದ ಮುಂದೆ?”

ಮೊದಲ ಏಟು ಎವರ್ಟನ ಬಾಯಿಗೆ ಬಿತ್ತು. ಹಲ್ಲೊಂದು ಕಳಚಿ ನಾಲಿಗೆಗೆ ಸಿಕ್ಕಿತು. ಅವನು ಅದನ್ನು ಉಗಿದು, ಪೈಪಿನ ಹಿತ್ತಾಳೆ ಮೂತಿಯನ್ನು ಬೀಸಿ ಡೀಕ್ಸನ ಕಿವಿಯ ಮೇಲೆ ಬಾರಿಸಿದ. ಕಿವಿ ಹರಿದು ರಕ್ತ ಕುತ್ತಿಗೆಗಿಳಿಯಿತು. ಒಬ್ಬರ ಮೇಲೊಬ್ಬರು ಬಿದ್ದು, ನೀರಲ್ಲಿ ಕಲಸಿದ ಕೆಸರಲ್ಲಿ, ಒಡೆದ ಶೀಟಿನ ಚೂರುಗಳ ಮೇಲೆ ಹೊರಳಾಡಿದರು. ಒಟ್ಟಿಗೆ ಮೀನು ಹಿಡಿದವರು, ಒಟ್ಟಿಗೆ ಮೊದಲ ಸಲ ಕುಡಿದು ವಾಂತಿ ಮಾಡಿದವರು, ಈಗ ಒಬ್ಬರ ಕಣ್ಣಿಗೊಬ್ಬರು ಹೆಬ್ಬೆರಳು ತುರುಕಲು ನೋಡುತ್ತಿದ್ದರು. ಡೀಕ್ಸ್ ಎವರ್ಟನ ಕುತ್ತಿಗೆಯಿಂದ ಮುಖವಾಡವನ್ನು ಕಿತ್ತು, ಪಟ್ಟಿ ಹರಿದು, ಬೂಟುಗಾಲಲ್ಲಿ ಹೊಸಕಿದ.

“ನಿನ್ನ ಮೂತಿಗೆ ಇದೊಂದು ಕೇಡು!”

ಡೀಕ್ಸನ ಮಗ ರೂಲೋಫ್ ನಡುವೆ ನುಗ್ಗಿ ಅಪ್ಪನ ಸೊಂಟ ಹಿಡಿದೆಳೆದ. “ಬಿಡಪ್ಪಾ! ಮಾವ, ನೀವೂ ಬಿಡಿ! ಏನಿದು, ನಾಚಿಕೆ ಆಗಲ್ವಾ?”

ಇಬ್ಬರಿಗೂ ಆಗಲಿಲ್ಲ. ಆಗಿದ್ದರೆ ಡೀಕ್ಸ್ ಮತ್ತೆ ಏಣಿ ಹತ್ತುತ್ತಿರಲಿಲ್ಲ. ಹರಿದ ಕಿವಿಯನ್ನು ಒರೆಸಿಕೊಳ್ಳದೆ ಹತ್ತಿದ. ತೊಲೆಯ ಮೇಲೆ ಕಾಲಿಡಬೇಕೆಂದು ಅವನಿಗೆ ಗೊತ್ತಿರಲಿಲ್ಲವೇ? ಹುಡುಗನಾಗಿದ್ದಾಗಿಂದ ಗೊತ್ತು. ಹಳೇ ಶೀಟು ಆಳಿನ ಭಾರ ತಡೆಯುವುದಿಲ್ಲ. ಆದರೆ ಸಿಟ್ಟು ಬಂದ ಮನುಷ್ಯನಿಗೆ ಕಾಲೆಲ್ಲಿದೆ ಎಂಬುದು ತಿಳಿಯುವುದಿಲ್ಲ.

“ನೋಡೋ ಎವರ್ಟ್!” ಅವನು ಸೂರಿನ ನಟ್ಟನಡುವೆ ನಿಂತು ಸುತ್ತಿಗೆ ಮೇಲೆತ್ತಿದ. “ಕಣ್ತುಂಬ ನೋಡು! ನಾನು ಸತ್ತಿದ್ದೀನಾ?”

“ತೊಲೆ ಮೇಲೆ ನಿಲ್ಲೋ! ಡೀಕ್ಸ್, ತೊಲೆ—”

ಲಟ್ಟೆಂದಿತು. ಡೀಕ್ಸ್ ಇದ್ದ ಜಾಗದಲ್ಲಿ ಡೀಕ್ಸ್ ಇರಲಿಲ್ಲ. ಅವನ ಸುತ್ತಲಿನ ಶೀಟುಗಳೂ ಒಂದರ ಹಿಂದೊಂದು ಒಳಕ್ಕೆ ಕುಸಿದವು. ಹಳೇ ಮನೆಯ ಬಾಗಿಲಿನಿಂದ, ಕಿಟಕಿಯಿಂದ, ಮೇಲಿನ ತೂತಿನಿಂದ ಧೂಳು ಉಕ್ಕಿತು. ಒಳಗಿನಿಂದ ಒಂದು ಕೂಗು ಕೇಳಿಸಿತು. ಮನುಷ್ಯನದ್ದು ಎಂದು ಹೇಳಲಾಗದ ಕೂಗು.

ಬಾಗಿಲಿಗೆ ಎಲ್ಲರಿಗಿಂತ ಹತ್ತಿರವಿದ್ದವಳು ಫೆನ್ನಾ. “ಮಾವಾ!” ಎಂದು ಕಿರುಚಿ, ತಟ್ಟೆ ಎಸೆದು, ಆ ಭಾರದ ಮೈ ಹೊತ್ತುಕೊಂಡೇ ಓಡಿದಳು.

ಎವರ್ಟ್ ಹೇಗೆ ಅವಳನ್ನು ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಹೊಸ್ತಿಲಲ್ಲಿ ಅವಳ ರಟ್ಟೆ ಹಿಡಿದು ತಿರುಗಿಸಿದ. ಅವಳು ಕೊಸರಿಕೊಂಡಳು. ಅವನು ಅವಳ ಕೆನ್ನೆಗೆ ಹೊಡೆದ. ಕೈ ಬೀಸಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದ. ಅವಳು ಹುಟ್ಟಿದಾಗಿನಿಂದ ಅವಳ ಮೇಲೆ ಕೈಯೆತ್ತದವನು. ಅವಳ ತಲೆ ಒಂದು ಪಕ್ಕಕ್ಕೆ ಹೊರಳಿತು, ಕಣ್ಣುಗಳು ಬಿಟ್ಟ ಹಾಗೇ ನಿಂತವು. ಅವಳನ್ನು ಎತ್ತಿ ಹಿಂದೆ ಬರುತ್ತಿದ್ದ ರೂಲೋಫನ ತೋಳಿಗೆ ನೂಕಿದ.

“ಹಿಡ್ಕೋ ಇವಳನ್ನ! ಬಿಟ್ರೆ ನಿನ್ನ ಕೊಂದ್ಹಾಕ್ತೀನಿ! ದೂರ ಕರ್ಕೊಂಡು ಹೋಗು, ಧೂಳು ಬರದ ಕಡೆ!”

“ಒಳಗಿರೋದು ನಮ್ಮಪ್ಪ, ಮಾವ! ನಾನು ಹೋಗ್ತೀನಿ!”

“ನೀನು ಮಗು ಸಾಕಬೇಕಾದವನು. ಹತ್ತಿರದ ಮನೆಯವನು ನಾನು. ಮೊದಲು ಹೋಗೋನು ನಾನು.” ರೂಲೋಫ್ ಮುಂದೆ ಬಂದ, ಎವರ್ಟ್ ಅವನ ಹೊಟ್ಟೆಗೆ ಒಂದು ಗುದ್ದಿದ. ಅವನು ಬಗ್ಗಿದರೂ ಹೆಂಡತಿಯನ್ನು ಮಾತ್ರ ಬಿಡಲಿಲ್ಲ. “ಆಂಬುಲೆನ್ಸ್ ಕರೀರೋ ಯಾರಾದ್ರೂ!” ಎಂದು ಎವರ್ಟ್ ನೆರೆಯವರಿಗೆ ಕೂಗಿದ.

ಪೈಪನ್ನು ಬಾಗಿಲೊಳಗೆ ತೂರಿಸಿ, ಅಂಗಳದ ತಂತಿಯ ಮೇಲಿದ್ದ ಟವೆಲನ್ನು ಒದ್ದೆ ಮಾಡಿ ಮೂಗು ಬಾಯಿಗೆ ಬಿಗಿದು, ಎವರ್ಟ್ ಒಳಗೆ ಹೋದ. ಅಮ್ಮ ಸತ್ತ ದಿನದಿಂದ ಅವನು ಹೆದರಿದ್ದು ಇದೊಂದಕ್ಕೇ. ಈಗ ತಾನಾಗಿಯೇ ಕಾಲಿಟ್ಟು ಅದರೊಳಗೆ ನಡೆದ. ಮೇಲಿನ ತೂತಿನಿಂದ ಬಿಸಿಲ ಕಂಬವೊಂದು ಇಳಿದಿತ್ತು. ಅದರ ತುಂಬ ಆ ಹಾಳು ಹೊಳಪು.

ಡೀಕ್ಸ್ ಹಳೇ ಒಲೆಯ ಪಕ್ಕ ಬಿದ್ದಿದ್ದ. ಮುಖ, ಕೂದಲು, ರೆಪ್ಪೆ ಎಲ್ಲ ಬಿಳಿ. ಎಡಗಾಲಿನ ಮೂಳೆ ಪ್ಯಾಂಟು ಹರಿದು ಹೊರಬಂದಿತ್ತು, ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಎವರ್ಟ್ ಡೀಕ್ಸನ ಬೆಲ್ಟನ್ನೇ ಬಿಚ್ಚಿ ತೊಡೆಗೆ ಸುತ್ತಿ, ಮಂಡಿಯೂರಿ ಎಳೆದ. ಡೀಕ್ಸ್ ಅರಚಿ ಅವನ ಮುಖಕ್ಕೆ ಹೊಡೆದ. ಎವರ್ಟ್ ತಿರುಗಿ ಹೊಡೆದು ಇನ್ನೊಂದು ಸುತ್ತು ಬಿಗಿಮಾಡಿದ. ಚಿಮ್ಮುವುದು ನಿಂತಿತು. ಟವೆಲು ಯಾವಾಗಲೋ ಜಾರಿ ಬಿದ್ದುಹೋಗಿತ್ತು. ಬಾಯಿ ತುಂಬ ಕಿರಕಿರ ಪುಡಿ, ರಕ್ತ, ಬಿದ್ದ ಹಲ್ಲಿನ ಗುಳಿ.

“ಎವರ್ಟ್,” ಎಂದ ಡೀಕ್ಸ್, ಕೆಮ್ಮಿನ ನಡುವೆ. “ನೀನು ಯಾಕೋ ಬಂದೆ? ಇದ್ರೊಳಗೆ?”

“ಬಾಯ್ಮುಚ್ಚು. ಉಸಿರು ಮೆಲ್ಲಗೆ ತಗೋ.”

“ನಿನ್ನ ಮುಖವಾಡ...”

“ನೀನೇ ತುಳಿದ್ಯಲ್ಲೋ ಕತ್ತೆ.”

ಡೀಕ್ಸ್ ಅಳತೊಡಗಿದ. ನೋವಿಗೋ, ನಾಚಿಕೆಗೋ, ಎರಡಕ್ಕೂ ಇರಬೇಕು. ಎವರ್ಟ್ ಅವನ ಕಂಕುಳಿಗೆ ಕೈಹಾಕಿ ಹಿಂದುಹಿಂದಕ್ಕೆ ಎಳೆದುಕೊಂಡು ಹೊರಟ. ಬೀಗ ಭಾರವಾಗಿದ್ದ. ಒಂದೊಂದು ಹೆಜ್ಜೆಗೂ ಎದೆ ತುಂಬ ಉಸಿರೆಳೆಯಬೇಕಾಯಿತು. ಎಳೆದ ಪ್ರತಿ ಉಸಿರಿನ ಜೊತೆ ಒಳಗೆ ಹೋಗುತ್ತಿರುವುದೇನೆಂದು ಅವನಿಗೆ ಗೊತ್ತಿತ್ತು.

ಹುಲ್ಲಿನ ಮೇಲೆ ಮಲಗಿಸಿ ಡೀಕ್ಸನ ಮೈಯನ್ನು ನೀರಲ್ಲಿ ತೊಳೆದ ಮೇಲೇ ಅವನು ನೆರೆಯವರನ್ನು ಹತ್ತಿರ ಬಿಟ್ಟ. ಆಂಬುಲೆನ್ಸಿನವರು ಬಂದರು. ಅವರಿಗೂ ದೂರದಿಂದಲೇ ಕೂಗಿ ಹೇಳಿದ, ಇದು ಕಲ್ನಾರಿನ ಧೂಳು, ಮೂಗು ಬಾಯಿ ಮುಚ್ಚಿಕೊಂಡು ಮುಟ್ಟಿ ಎಂದು. ಸ್ಟ್ರೆಚರಿನ ಮೇಲಿಂದ ಡೀಕ್ಸ್ ಕೈಯೆತ್ತಿ ಸೂರನ್ನು ತೋರಿಸಿದ. “ಯಾರೂ ಮುಟ್ಟಬೇಡ್ರೋ ಅದನ್ನ. ಅವರನ್ನೇ ಕರೀರಿ, ಆ ಪರವಾನಗಿಯವರನ್ನ.” ರೂಲೋಫ್ ಅಪ್ಪನ ಜೊತೆ ಗಾಡಿ ಹತ್ತಿದ.

ಅವನು ಕೈಬಿಟ್ಟದ್ದೇ ತಡ, ಫೆನ್ನಾ ಕಂಬಳಿ ಹಿಡಿದು ಓಡಿಬಂದಳು. ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ಎವರ್ಟ್ ಬಾಗಿಲ ಬಳಿ ನಿಂತಿದ್ದ, ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಹರಿದ ಕಾಗದದ ಅಂಗಿಯಲ್ಲಿ.

“ಅಪ್ಪಾ!”

“ಬರಬೇಡ.”

“ಅಪ್ಪಾ, ಬಾಯಲ್ಲಿ ರಕ್ತ...”

“ಅಲ್ಲೇ ನಿಲ್ಲು ಅಂದೆ!” ಅವಳು ನಿಲ್ಲಲಿಲ್ಲ. ಎವರ್ಟ್ ಪೈಪೆತ್ತಿ ಅವಳ ಕಾಲಿಗೆ ನೀರು ಹೊಡೆದ. ಆಮೇಲೆ ಮಂಡಿಗೆ. ತಣ್ಣೀರಿನ ಏಟಿಗೆ ಅವಳು ನಿಂತು, ಬಿಕ್ಕಿ ಬಿಕ್ಕಿ ಅತ್ತಳು.

“ಹೊಡೀಬೇಡಪ್ಪಾ. ಒಂದೇ ಒಂದ್ಸಲ ತಬ್ಕೋತೀನಿ.”

“ನಿಮ್ಮಜ್ಜಿನೂ ಹಿಂಗೇ ಓಡಿ ಬರ್ತಿದ್ಲು ಕಣೆ.” ಪೈಪು ಇನ್ನೂ ಅವಳ ಕಡೆಗೇ ಇತ್ತು. “ನಮ್ಮಪ್ಪ ಬೇಡ ಅನ್ನಲಿಲ್ಲ. ನಾನು ಅಂತೀನಿ. ಹಿಂದೆ ಹೋಗು, ಮಗಳೇ.”

ಫೆನ್ನಾ ಕಂಬಳಿಯನ್ನು ಮಡಿಸಿ ಹುಲ್ಲಿನ ಮೇಲಿಟ್ಟು, ಅವನ ಮೇಲಿಟ್ಟ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು. ಎವರ್ಟ್ ಪೈಪನ್ನು ತನ್ನ ಕಡೆ ತಿರುಗಿಸಿಕೊಂಡು, ನೆತ್ತಿಯ ಮೇಲೆ ನೀರು ಬಿಟ್ಟುಕೊಂಡ.