ಪೊಟ್ಯಾಷ್ ಇಲ್ಲದ ಪುಂಡಿ

ಅನುಸೂಯಾಗೆ ಬಂಗಾರ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ, ಕಾಶಿ ರಾಮೇಶ್ವರವೂ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದು ತುತ್ತು ಪುಂಡಿ ಪಲ್ಯ. ಕಲಬುರಗಿ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಬಿಡಿಸಿ ಹೇಳಿದರೂ ಅಷ್ಟಕ್ಕಷ್ಟೆ. ಹುಳಿ ಸೊಪ್ಪು, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ, ಪಕ್ಕದಲ್ಲಿ ಬಿಸಿ ರೊಟ್ಟಿ. ಅದನ್ನು ತಿಂದು ಬೆಳೆದ ನಾಲಿಗೆ ಪುಣೆಯಲ್ಲಿ ಎಷ್ಟು ವರ್ಷ ಪೋಹೆ ತಿಂದರೂ ಪಳಗುವುದಿಲ್ಲ.

ಆದರೆ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್ ಮೇಲೆ ಜೀವ ನಡೆಯುತ್ತಿತ್ತು. ಸೊಪ್ಪು, ಬಾಳೆಹಣ್ಣು, ಎಳನೀರು ಇವುಗಳಲ್ಲಿರುವ ಪೊಟ್ಯಾಶಿಯಂ ಇನ್ನು ಮೈಯಿಂದ ಹೊರಗೆ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತಾ ಹೋಗಿ ಒಂದು ದಿನ ಹೃದಯವನ್ನೇ ನಿಲ್ಲಿಸಿಬಿಡುತ್ತದೆ ಎಂದು ಆಸ್ಪತ್ರೆಯ ಪಥ್ಯದ ಮೇಡಂ ಮರಾಠಿಯಲ್ಲಿ ತಿಳಿಹೇಳಿದರು. ಅನುಸೂಯಾ ಎಲ್ಲಕ್ಕೂ ತಲೆಯಾಡಿಸಿದಳು. ಆಟೋ ಹತ್ತಿದ ಮೇಲೆ ಗಂಡನನ್ನು ಕೇಳಿದ್ದು ಒಂದೇ ಮಾತು.

"ಪುಂಡಿನೂ ಬ್ಯಾಡಂತೇನ್ರಿ?"

ದೇವಾನಂದ ರಸ್ತೆ ನೋಡುತ್ತಾ ಕೂತ.

ಅವನು ಭೋಸರಿಯ ಕಾರ್ಖಾನೆಯೊಂದರಲ್ಲಿ ಕೂಲಂಟ್ ಬೆರೆಸುವವನು. ಮಷೀನು ಕಬ್ಬಿಣ ಕೊರೆಯುವಾಗ ಬಿಸಿಯಾಗದಿರಲೆಂದು ಮೇಲೆ ಹಾಲಿನಂಥ ನೀರು ಸುರಿಯುತ್ತಾರಲ್ಲ, ಅದು ಕೂಲಂಟ್. ನೀರಿಗೆ ಎಣ್ಣೆ ಎಷ್ಟು ಹಾಕಬೇಕು, ನಲ್ಲಿ ನೀರಿಗೆಷ್ಟು, ಟ್ಯಾಂಕರಿನ ಗಡಸು ನೀರಿಗೆಷ್ಟು ಎಂದು ನೋಡುವುದೇ ಅವನ ಕೆಲಸ. ಅಂಥವನ ಕಣ್ಣಿಗೆ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ಬಿತ್ತು. ಯಾವುದೋ ದೇಶದಲ್ಲಿ ಕಿಡ್ನಿ ರೋಗಿಗಳಿಗೆಂದೇ ಮಣ್ಣಿಲ್ಲದೆ, ಬರೀ ನೀರಿನಲ್ಲಿ ಸೊಪ್ಪು ಬೆಳೆಯುತ್ತಾರಂತೆ. ಮೊದಲು ಗಿಡಕ್ಕೆ ಬೇಕಾದದ್ದನ್ನೆಲ್ಲ ಕೊಟ್ಟು, ಕೊಯ್ಯುವ ಮುಂಚಿನ ದಿನಗಳಲ್ಲಿ ಪೊಟ್ಯಾಷ್, ಅಂದರೆ ಆ ಪೊಟ್ಯಾಶಿಯಂ ಇರುವ ಗೊಬ್ಬರ, ಅದೊಂದನ್ನು ನಿಲ್ಲಿಸಿಬಿಡುತ್ತಾರಂತೆ. ನೀರಿನಲ್ಲಿಲ್ಲದ್ದು ಎಲೆಗೆ ಎಲ್ಲಿಂದ ಬರಬೇಕು? ದೇವಾನಂದ ಆ ವಿಡಿಯೋವನ್ನು ಹೆಂಡತಿಗೆ ತೋರಿಸಲಿಲ್ಲ. ಆಸೆ ಹಚ್ಚಿ ಆಮೇಲೆ ಇಲ್ಲ ಅನ್ನುವುದು ಅವನ ಕೈಲಿ ಆಗದ ಕೆಲಸ.

ನಿಗಡಿಯಲ್ಲಿ ತಾರಸಿ ತೋಟದ ಅಂಗಡಿ ಇಟ್ಟುಕೊಂಡಿದ್ದವನು ರಾಜೀವ, ಮೈಸೂರಿನವನು. ಕಂಪ್ಯೂಟರ್ ಕೆಲಸ ಬೇಸರವಾಗಿ ಗಿಡಕ್ಕೆ ಬಂದವನು. ದೇವಾನಂದನ ಮಾತು ಕೇಳಿ ಬಿಲ್ಲು ಹಾಕುವುದನ್ನು ಬಿಟ್ಟು ಎದುರಿಗೆ ಬಂದು ಕೂತ.

"ಸಾರ್, ರೆಡಿಮೇಡ್ ಎ ಬಾಟಲ್, ಬಿ ಬಾಟಲ್ ಅಂತ ಬರುತ್ತೆ. ಮೊದಲು ಅದನ್ನೇ ಹಾಕಿ. ಲಾಸ್ಟಲ್ಲಿ ಅದು ಬೇಡ, ಅದರಲ್ಲಿ ಪೊಟ್ಯಾಷ್ ಇದೆ. ಕ್ಯಾಲ್ಸಿಯಂ, ಮೆಗ್ನೀಷಿಯಂ ಉಪ್ಪು ಬೇರೆಬೇರೆ ಕೊಡ್ತೀನಿ. ಆದ್ರೆ ನಿಮ್ಮ ಟ್ಯಾಪ್ ವಾಟರಲ್ಲೇ ಸ್ವಲ್ಪ ಕ್ಯಾಲ್ಸಿಯಂ ಇರುತ್ತೆ, ಅದನ್ನ ಕಳೆದು ಹಾಕ್ಬೇಕು. ಏನೂ ಹಾಕೋ ಮೊದ್ಲು ಬರೀ ನೀರಿಗೆ ಮೀಟರ್ ಇಟ್ಟು ನೋಡಿ."

"ನಮ್ಮ ಕೂಲಂಟಿನ ಹಂಗೇ ಅದ ಬಿಡ್ರಿ."

"ಒಂದು ವಿಷಯ ಮರೀಬೇಡಿ ಸಾರ್. ನೀರಲ್ಲಿ ಉಪ್ಪು ಎಷ್ಟಿದೆ ಅಂತ ಮೀಟರ್ ಹೇಳುತ್ತೆ. ಯಾವ ಉಪ್ಪು ಅಂತ ಹೇಳಲ್ಲ."

ದೇವಾನಂದ ಹೂಂ ಅಂದ. ಆ ಮಾತು ಆಮೇಲೆ ಜನ್ಮಕ್ಕಂಟಿಕೊಳ್ಳುತ್ತದೆ ಅಂತ ಅವನಿಗಾದರೂ ಏನು ಗೊತ್ತು?

ಅವರಿದ್ದ ವಠಾರದ, ಅಂದರೆ ಪುಣೆಯವರ ಚಾಳಿನ, ತಾರಸಿಯ ಮೇಲೆ ನೀಲಿ ಟಬ್ಬು ಬಂತು. ಅದರ ಮೇಲೆ ತೂತು ಕೊರೆದ ಥರ್ಮಾಕೋಲ್ ಹಲಗೆ, ತೂತಿಗೊಂದು ಪುಂಡಿ ಸಸಿ, ಕೆಳಗೆ ನೀರಿನಲ್ಲಿ ಗುಳುಗುಳು ಗಾಳಿ ಬಿಡುವ ಪುಟ್ಟ ಪಂಪು. ನಲ್ಲಿ ನೀರನ್ನು ಹಿಂದಿನ ದಿನವೇ ಹಿಡಿದು ಬಾಯಿ ತೆರೆದಿಟ್ಟು, ಕ್ಲೋರಿನ್ ವಾಸನೆ ಹೋದಮೇಲೆಯೇ ಅಳೆದು ಬೆರೆಸುತ್ತಿದ್ದ. ಅನುಸೂಯಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಇದು ಯಾರಿಗಾಗಿ ಎಂದು ಅವಳು ಕೇಳಲಿಲ್ಲ. ಮೊದಲ ದಿನವೇ ಗೊತ್ತಾಗಿತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಂದಿಷ್ಟು ಅತ್ತು, ಕಣ್ಣೊರೆಸಿಕೊಂಡು, "ಈ ಪಂಪ ಸಪ್ಪಳ ಛಲೋ ಅದ ನೋಡ್ರಿ, ಯಾರೋ ಮಾತಾಡಿಸ್ದಂಗ ಆಗ್ತದ" ಅಂದಳು. ಗಂಡ ಡ್ಯೂಟಿಗೆ ಹೋದಮೇಲೆ ಅವಳಿಗೆ ಅದೇ ಜೊತೆಯಾಯಿತು.

ಪೊಟ್ಯಾಷ್ ನಿಲ್ಲಿಸಿದ ಮೇಲೆ ಮೊದಲ ಎಲೆಗಳನ್ನು ದೇವಾನಂದ ಪ್ರಯೋಗಶಾಲೆಗೆ ಕೊಟ್ಟು ಬಂದ. ವರದಿ ಒಳ್ಳೆಯದಿತ್ತು. ಪಥ್ಯದ ಮೇಡಂ ಅದನ್ನು ಎರಡು ಸಲ ಓದಿ, ಕುದಿಸಿ ನೀರು ಚೆಲ್ಲಿ, ಒಂದೇ ಒಂದು ಹಿಡಿ, ಅದಕ್ಕಿಂತ ಹೆಚ್ಚಿಲ್ಲ ಎಂದರು. ಅಂದೇ ಕೊಯ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅನುಸೂಯಾ ಒಪ್ಪಲಿಲ್ಲ.

"ಎಳ್ಳಮಾಸಿ ಮುಂದಿನ ವಾರಾನೇ ಅದಲ್ರಿ. ಆವತ್ತ ಉಣ್ಣೂಣು. ನಮಗ ಹೊಲ ಎಲ್ಲದ ಇಲ್ಲಿ? ಇದ ನಮ್ಮ ಹೊಲ."

ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಚರಗ ಚೆಲ್ಲಿ, ಅಂದರೆ ಅಡುಗೆಯನ್ನು ಮೊದಲು ನೆಲದ ತಾಯಿಗೆ ಎರಚಿ, ಆಮೇಲೆ ಉಣ್ಣುವವರ ಮಗಳು ಅವಳು. ದೇವಾನಂದ ಸೋತ. ಅವಳ ಮುಂದೆ ಅವನು ಗೆದ್ದದ್ದಾದರೂ ಯಾವಾಗ?

ಆ ವಾರದಲ್ಲಿ ಪುಂಡಿಯ ಎಲೆಯಂಚು ಸುಟ್ಟಂತೆ ಕಂದಾಗತೊಡಗಿತು. ಪೊಟ್ಯಾಷ್ ಇಲ್ಲದ ಗಿಡ ಹಾಗೆಯೇ ಆಗಬೇಕು, ಆದರೇ ಸರಿ. ಅನುಸೂಯಾಗೆ ಮಾತ್ರ ಅದನ್ನು ನೋಡಲಾಗಲಿಲ್ಲ.

"ನನ್ನ ಸಲುವಾಗಿ ಅವಕ್ಕ ಉಪಾಸ ಯಾಕ ಕೆಡವ್ಲತ್ತೀರಿ?"

"ಅವು ಉಪಾಸ ಇದ್ರೇನೇ ನಿನಗ ಊಟ. ಬಾಟಲಿಗೆ ಮಾತ್ರ ಕೈ ಹಚ್ಚಬ್ಯಾಡ ನೀ."

"ನಿಮ್ಮ ಬಾಟಲಿ ನನಗ್ಯಾಕ್ರಿ? ಆಣಿ ಮಾಡ್ತೀನಿ, ಹಚ್ಚಂಗಿಲ್ಲ."

ಆಣೆಯನ್ನು ಅವಳು ಮುರಿಯಲಿಲ್ಲ.

ಅದೇ ಹೊತ್ತಿಗೆ ಪೈಪ್‌ಲೈನ್ ಕೆಲಸವೆಂದು ನಲ್ಲಿ ನಿಂತು ಚಾಳಿಗೆ ಟ್ಯಾಂಕರ್ ಬರತೊಡಗಿತು. ಟಬ್ಬಿನ ಮೀಟರು ಏರಿತು. ಬೇರು ಗೊಬ್ಬರ ಹೀರಲು ನೀರು ತುಸು ಹುಳಿಯಿರಬೇಕು, ಆ ಹುಳಿ ಇಳಿದು ಸಪ್ಪೆಯಾಯಿತು. ದೇವಾನಂದನಿಗೆ ಇದೇನು ಹೊಸದಲ್ಲ. ಟ್ಯಾಂಕರಿನ ಗಡಸು ನೀರು ಹೀಗೆಯೇ, ಕಾರ್ಖಾನೆಯಲ್ಲಿ ದಿನವೂ ಅದರ ಜೊತೆ ಗುದ್ದಾಡುವವನು ಅವನು. ಕ್ಯಾಲ್ಸಿಯಂ ಉಪ್ಪನ್ನು ಕಡಿಮೆ ಮಾಡಿದ, ಹುಳಿಗೆಂದು ಆಸಿಡ್ಡಿನ ನಾಲ್ಕು ಹನಿ ಹೆಚ್ಚು ಬಿಟ್ಟ. ಮರುದಿನ ಮೀಟರು ಮತ್ತೆ ಏರಿತು, ಅವನು ಮತ್ತೆ ಟ್ಯಾಂಕರಿನವನನ್ನು ಬೈದ. ಎಲೆಯಂಚಿನ ಕಂದು ನಿಂತುಹೋಯಿತು. ಸುಳಿಯಲ್ಲಿ ಹೊಸ ಎಲೆಗಳು ಹೊಳಪಿನಿಂದ ಮೇಲೆದ್ದವು. ಅನುಮಾನ ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ದಿನ ದುಃಖವನ್ನೇ ಕಂಡವನಿಗೆ ಒಂದು ಹಸಿರು ಎಲೆ ಕಂಡರೆ, ದೇವರು ಈಗಲಾದರೂ ಕಣ್ಣು ಬಿಟ್ಟ ಅನ್ನಿಸುತ್ತದೆಯೇ ಹೊರತು ತಪ್ಪು ಹುಡುಕುವ ಮನಸ್ಸಾಗುವುದಿಲ್ಲ. ಒಂದು ಬೆಳಿಗ್ಗೆ ಅವಳ ಬೆರಳಿನ ಸಂದಿಯಲ್ಲಿ ಬೂದಿ ಕಂಡಿತು. ಪಾತ್ರೆ ತಿಕ್ಕಿರಬೇಕು ಅಂದುಕೊಂಡು, ಆ ಕೆಲಸ ನಾನು ಮಾಡುತ್ತೇನೆಂದು ಗದರಿಸಿ ಸುಮ್ಮನಾದ.

ಎಳ್ಳಮಾವಾಸ್ಯೆಯ ದಿನ ತಾರಸಿಯ ಮೇಲೆ ಕಂಬಳಿ ಹಾಸಿದರು. ಸೊಪ್ಪನ್ನು ದೇವಾನಂದನೇ ಕೊಯ್ದ, ಕುದಿಸಿ ನೀರು ಚೆಲ್ಲಿದ, ಪಲ್ಯವನ್ನೂ ಅವನೇ ಮಾಡಿದ. ಅನುಸೂಯಾ ಇಳಕಲ್ ಸೀರೆ ಉಟ್ಟು, ಟಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಸುತ್ತಲೂ ಚರಗ ಚೆಲ್ಲಿದಳು. ಪಕ್ಕದ ಮನೆಯ ಸಕ್ಕುಬಾಯಿಗೂ ಒಂದು ರೊಟ್ಟಿ ಹೋಯಿತು.

ಮೊದಲ ತುತ್ತು ಬಾಯಿಗಿಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಗಿದಳು.

"ನಮ್ಮವ್ವನ ಕೈ ನೆನಪಾತ್ರಿ," ಅಂದಳು.

ಹಿಡಿ ಮುಗಿಯಿತು. ಅವಳು ಕೇಳಲಿಲ್ಲ, ಬರೀ ತಾಟಿನ ಅಂಚನ್ನು ಬೆರಳಿನಿಂದ ಒರೆಸಿದಳು. ಅದನ್ನು ನೋಡಿ ಬಡಿಸದಿರಲು ಕಲ್ಲಾಗಿರಬೇಕು. ವರದಿ ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡು ದೇವಾನಂದ ಇನ್ನೊಂದು ಹಿಡಿ ಹಾಕಿದ. ಆಮೇಲೆ ಮತ್ತೊಂದಿಷ್ಟು. ಮದುವೆಯಾದ ಹೊಸತರಲ್ಲಿ ನಕ್ಕಂತೆ ಅವಳು ನಕ್ಕಳು.

ಬೆಳಿಗ್ಗೆ ಎದ್ದವಳು ಕಾಲು ಭಾರ ಅಂದಳು, ಬಾಯಿ ಸುತ್ತ ಜುಮುಜುಮು ಅಂದಳು. ಅವತ್ತೇ ಡಯಾಲಿಸಿಸ್ ಇತ್ತು, ಅಲ್ಲಿಯವರೆಗೆ ಹೋದರೆ ಸಾಕಿತ್ತು. ಆಟೋ ನಾಶಿಕ್ ರಸ್ತೆಯ ಸಂದಣಿಯಲ್ಲಿ ಸಿಕ್ಕಿಕೊಂಡಿದ್ದಾಗ ಅವಳ ತಲೆ ಅವನ ಹೆಗಲ ಮೇಲೆ ಒರಗಿತು. ನಿದ್ದೆ ಹತ್ತಿರಬೇಕೆಂದು ಅವನು ಅಲುಗಾಡದೆ ಕೂತ. ಆಸ್ಪತ್ರೆಯವರು ಪೊಟ್ಯಾಶಿಯಂ ಏರಿತ್ತು ಅಂದರು. ದೇವಾನಂದ ಸೊಪ್ಪಿನ ವರದಿಯ ಚೀಟಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸುತ್ತಾ ನಿಂತ. ಇದರಲ್ಲಿ ಇಲ್ಲವಲ್ಲ, ಇದರಲ್ಲಿ ಇಲ್ಲವಲ್ಲ ಎಂದು ಹೇಳುತ್ತಲೇ ಇದ್ದ.

ಮೂರನೆಯ ದಿನ ಅವಳ ಸಮಾಧಿಗೆ ಹಾಲು-ತುಪ್ಪ ಬಿಟ್ಟು ಬಂದು ಅವನು ತಾರಸಿಗೆ ಹೋದ. ಸಕ್ಕುಬಾಯಿ ಅಲ್ಲಿ ಬಂಬಿಗೆ ಬೆಂಕಿ ಹಾಕುತ್ತಿದ್ದಳು. ಚಳಿಗಾಲದಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಹಂಡೆ ಅದು, ನಡುವಿನ ಕೊಳವೆಯಲ್ಲಿ ಕಟ್ಟಿಗೆ ಉರಿಯುತ್ತದೆ. ಸೊಲ್ಲಾಪುರದ ಕಡೆಯವಳಾದ್ದರಿಂದ ಕನ್ನಡವೂ ಬರುತ್ತಿತ್ತು.

"ಅಣ್ಣಾ, ಬೂದಿ ಮೂರು ದಿನದ್ದು ಹಂಗೇ ಬಿದ್ದೈತಿ," ಅಂದಳು, ಕಣ್ಣೊರೆಸಿಕೊಳ್ಳುತ್ತಾ. "ಅನುಸೂಯಾ ದಿನಾ ಬಂದು ಒಯ್ತಿತ್ತು ಪಾಪ. ತಂಬಿಗ್ಯಾಗ ನೆನಿ ಇಟ್ಟು, ತಿಳಿ ನೀರು ಸೋಸಿ ಗಿಡಕ್ಕ ಹಾಕ್ತಿತ್ತು. ನಮ್ಮ ಮನ್ಯಾಗ ಪುಂಡಿಗಿ ಬೂದೀನೇ ಹಾಕ್ತಾರ, ಬಾಟಲಿ ಔಷಧ ಅಲ್ಲ ಇದು, ಏನೂ ಆಗಂಗಿಲ್ಲ ಅಂತಿತ್ತು. ನೋಡು ಹ್ಯಾಂಗ ಚಿಗತದ ಅಂತ ತೋರಸ್ತಿತ್ತು."

ದೇವಾನಂದ ಟಬ್ಬಿನ ಮೀಟರಿನ ಕಡೆ ತಿರುಗಿದ. ಕಟ್ಟಿಗೆ ಬೂದಿಯ ತಿಳಿ ನೀರು ಅಂದರೆ ಪೊಟ್ಯಾಷೇ. ಅಂಗಡಿಯ ಬಾಟಲಿಯಲ್ಲಿರುವುದೇ ಒಲೆಯಲ್ಲೂ ಇರುತ್ತದೆ. ಮೀಟರು ಏರಿದ್ದು ಅದರಿಂದ, ಹುಳಿ ಇಳಿದದ್ದು ಅದರಿಂದ, ಎಲೆ ನಕ್ಕದ್ದು ಅದರಿಂದ. ಟ್ಯಾಂಕರಿನವನನ್ನು ಬೈಯುತ್ತಾ ಅವನು ದಿನವೂ ಮೀಟರು ನೋಡಿದ್ದ. ಅವಳಾದರೋ ಅವನ ಬಾಟಲಿಯನ್ನು ಮುಟ್ಟದೆ, ಕೊಟ್ಟ ಮಾತು ಉಳಿಸಿಕೊಂಡು, ಹಸಿದ ಗಿಡಕ್ಕೆ ಕೈಯಾರೆ ಉಣಿಸಿದ್ದಳು.

"ಸಕ್ಕುಬಾಯಿ, ಇದನ್ನ ಯಾರಿಗೂ ಹೇಳಬ್ಯಾಡ," ಅಂದ. "ನಿನ್ನ ಕಾಲು ಬೀಳ್ತೀನಿ."

ಅವಳಿಗೆ ಅರ್ಥವಾಗಲಿಲ್ಲ, ಆದರೆ ಅವನ ಮುಖ ನೋಡಿ ಹೂಂ ಅಂದಳು.

ಅಷ್ಟರಲ್ಲಿ ಭುಜಂಗ ಮೆಟ್ಟಿಲು ಹತ್ತಿ ಬಂದ. ಅನುಸೂಯಾಳ ತಮ್ಮ, ದೌಂಡದಲ್ಲಿ ರೈಲ್ವೆ ಕೆಲಸ. ತಾಯಿ ಸತ್ತಮೇಲೆ ಅಕ್ಕನ ಮಡಿಲಲ್ಲೇ ಬೆಳೆದವನು, ಮೂರು ದಿನದಿಂದ ಒಂದು ತುತ್ತು ಉಂಡಿರಲಿಲ್ಲ. ಟಬ್ಬಿನ ಮುಂದೆ ಬಂದು ನಿಂತ.

"ಮಾಮಾ, ಖರೇ ಹೇಳ್ರಿ. ಮೊದಲಿನ ವರದಿ ಛಲೋ ಇತ್ತಂತ. ಮತ್ತ ಈ ನೀರಾಗ ಏನ್ ಹೋತು? ಯಾರು ಹಾಕಿದ್ರು?"

ಸಕ್ಕುಬಾಯಿ ಬಂಬಿನ ಮುಂದೆ ಹಾಗೆಯೇ ನಿಂತುಬಿಟ್ಟಳು. ಇಬ್ಬರ ಮುಖವನ್ನೂ ನೋಡಿದಳು, ಈಗ ಅವಳಿಗೂ ತಿಳಿದಿತ್ತು.

ನಿಜ ಹೇಳಿದರೆ ದೇವಾನಂದ ಪಾರಾಗುತ್ತಿದ್ದ. ಭುಜಂಗ ಅವನನ್ನು ತಬ್ಬಿಕೊಂಡು ಅಳುತ್ತಿದ್ದ, ಸಂಬಂಧ ಉಳಿಯುತ್ತಿತ್ತು. ಆದರೆ ಆಮೇಲೆ ಊರಿನಲ್ಲಿ, ದೌಂಡದಲ್ಲಿ, ಮುಂದಿನ ಎಲ್ಲ ಎಳ್ಳಮಾವಾಸ್ಯೆಗಳಲ್ಲಿ, ಅನುಸೂಯಾ ತನ್ನ ಕೈಯಾರೆ ತಾನೇ ಸತ್ತವಳು ಅಂತ ಆಗುತ್ತಿತ್ತು.

"ನಾನೇ ಹಾಕ್ದೆ," ಅಂದ. "ಪೊಟ್ಯಾಷ್. ಗಿಡ ಬಾಡ್ಲತ್ತಿತ್ತು, ನೋಡ್ಲಾಕ ಆಗಲಿಲ್ಲ. ಆಕಿ ಬ್ಯಾಡಂದ್ಲು, ನಾ ಕೇಳಲಿಲ್ಲ."

ಭುಜಂಗನ ಕೈ ಮೇಲೆದ್ದಿತು. ಹೊಡೆಯಲಿಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು ಅಂತ ದೇವಾನಂದನಿಗೆ ಅನ್ನಿಸಿತು.

"ನಮ್ಮಕ್ಕ ಹೋದ್ಲು, ನೀವೂ ಇವತ್ತಿಗೆ ಹೋದ್ರಿ ಮಾಮಾ," ಅಂದು ಭುಜಂಗ ಕೆಳಗಿಳಿದ. ಅಕ್ಕನ ಇಳಕಲ್ ಸೀರೆಯನ್ನು ಮಾತ್ರ ಎತ್ತಿಕೊಂಡು ಸೊಲ್ಲಾಪುರ ಕಡೆಯ ಗಾಡಿಗೆ ಹೊರಟುಹೋದ. ದೌಂಡ ಆ ದಾರಿಯಲ್ಲೇ ಬರುತ್ತದೆ.

ಸಕ್ಕುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕೊಯ್ದ ಪುಂಡಿಯ ಗೆಣ್ಣುಗಳಲ್ಲಿ ಆಗಲೇ ಹೊಸ ಚಿಗುರು ಬಂದಿತ್ತು, ಒಂದಕ್ಕೂ ಅಂಚು ಕಂದಿರಲಿಲ್ಲ. ದೇವಾನಂದ ಪಂಪಿನ ವೈರು ಕೀಳಲು ಕೈ ಚಾಚಿದ. ಅದು ಗುಳುಗುಳು ಮಾತಾಡುತ್ತಲೇ ಇತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಅವಳ ಕುರ್ಚಿಯನ್ನು ಹತ್ತಿರ ಎಳೆದು, ಅದರ ಪಕ್ಕ ನೆಲದ ಮೇಲೆ ಕೂತ.